ಅವಳು ಅಳುತ್ತಿರಲಿಲ್ಲ

"ಈ ಫೋಟೋಗೆ ನಾನು ಕಟ್ಟು ಹಾಕೋದಿಲ್ಲ!"

ಕೂಗಿದ ರಭಸಕ್ಕೆ ಅವಳ ಕೈಯಲ್ಲಿದ್ದ ಗಾಜು ಮೇಜಿನ ಅಂಚಿಗೆ ತಾಗಿತು. ಫಳ್! ಒಂದು ಹೋಳು ಮೇಜಿನ ಮೇಲೆ ಉಳಿಯಿತು, ಮಿಕ್ಕದ್ದು ನೆಲದ ತುಂಬ ಚೆಲ್ಲಿತು.

ಮೂಲೆಯಲ್ಲಿ ಮರದ ಪಟ್ಟಿಗೆ ಬಣ್ಣ ಬಳಿಯುತ್ತಿದ್ದ ಗಾಜಿನ ತಾತ ಕುಂಚ ಹಿಡಿದೇ ತಿರುಗಿ ನೋಡಿದ. ಫೋಟೋಗಳಿಗೆ ಕಟ್ಟು ಹಾಕುವ ಆ ಅಂಗಡಿಯ ಯಜಮಾನ ಅವನು. ಇಡೀ ಬೀದಿ ಅವನನ್ನು ಕರೆಯುವುದೇ ಹಾಗೆ. ಪರದೇಶದಿಂದ ಬಂದ ಈ ಹುಡುಗಿ ಅವನ ಬಳಿ ಕೆಲಸಕ್ಕೆ ಸೇರಿದ ಮೇಲೆ ಒಂದು ಗಾಜನ್ನೂ ಒಡೆದವಳಲ್ಲ. ಇವತ್ತು ಒಡೆದದ್ದಲ್ಲದೆ, ತಾತನಿಗೆ ಅರ್ಥವಾಗದ ತನ್ನ ನಾಡಿನ ಮಾತಿನಲ್ಲಿ ಗಿರಾಕಿಯ ಮೇಲೆ ಹರಿಹಾಯುತ್ತಿದ್ದಾಳೆ!

ಪಾಪ, ಅವಳೇನು ಬೇಕೆಂದು ಆ ಮಾತಿಗೆ ಇಳಿದದ್ದಲ್ಲ. ನಗುವುದಕ್ಕೆ, ವ್ಯಾಪಾರಕ್ಕೆ ಪರಭಾಷೆ ಸಾಕು. ಸಿಟ್ಟು ಮಾತ್ರ ತಾಯಿಯ ಭಾಷೆಯಲ್ಲೇ ಬರುತ್ತದೆ.

ಆಶ್ಚರ್ಯವೆಂದರೆ, ಗಿರಾಕಿಗೆ ಆ ಮಾತು ಅರ್ಥವಾಗಿತ್ತು.

"ಯಾಕೆ ಹಾಕೋದಿಲ್ಲ?" ಎಂದ ಅವನು. ಅದೇ ಭಾಷೆಯಲ್ಲಿ!

ಎತ್ತರದ ಆಳು, ಕೆನ್ನೆ ಒಳಗೆ ಹೋಗಿತ್ತು. ಬಾಗಿಲಿಗೆ ಬೆನ್ನು ಕೊಡದೆ, ಗೋಡೆಗೆ ಒರಗಿ ನಿಂತಿದ್ದ. ಅವನು ತಾನೇ ತೆಗೆದು ತಂದಿದ್ದ ಫೋಟೋಗಳ ಕಂತೆಯಲ್ಲಿ ಸುಟ್ಟ ಸೇತುವೆ, ಖಾಲಿ ತರಗತಿ, ಗಾಡಿಯ ಮೇಲೆ ಹಾಸಿಗೆ ಹೇರಿಕೊಂಡು ಹೊರಟ ಸಂಸಾರ... ಎಲ್ಲವೂ ಯುದ್ಧದ ಫೋಟೋಗಳು. ಎಲ್ಲಕ್ಕಿಂತ ಮೇಲಿದ್ದದ್ದು ಒಬ್ಬ ಹೆಂಗಸಿನದು. ಕುಸಿದ ಗೋಡೆಯ ಮುಂದೆ ನಿಂತು, ಬಾಯಿ ಅಗಲಿಸಿ, ಒಂದು ಕೈ ಚಾಚಿ...

"ಈ ಹೆಂಗಸು ಯಾರು ಅಂತ ಗೊತ್ತೇನ್ರೀ ನಿಮಗೆ?"

"ಹೆಸರು ಗೊತ್ತಿಲ್ಲ. ವರ್ಷಗಳಿಂದ ಹುಡುಕ್ತಾ ಇದೀನಿ."

"ನನ್ನಮ್ಮ! ಆ ಗೋಡೆ ಕೆಳಗೆ ನನ್ನಪ್ಪ ಇದ್ರು. ಆಗ ಇನ್ನೂ ಉಸಿರಿತ್ತೋ ಏನೋ! ನೀವು ಬೆಳಕು ಸರಿಯಾಗಿದೆಯಾ ಅಂತ ನೋಡ್ತಾ ಇದ್ರಿ, ಅಲ್ವಾ?"

ಅವನು ಮೇಜನ್ನು ಹಿಡಿದುಕೊಂಡ.

"ನಿಮ್ಮ ಅಮ್ಮ... ಇದ್ದಾರಾ?"

ಇದ್ದಾರೆ ಎಂದರೆ ಇವನು ಮತ್ತೆ ಕ್ಯಾಮೆರಾ ಹಿಡಿದು ಮನೆ ಬಾಗಿಲಿಗೆ ಬರುವುದಿಲ್ಲ ಎಂದು ಏನು ಗ್ಯಾರಂಟಿ? ಒಮ್ಮೆ ಕದ್ದವನು ಇನ್ನೊಮ್ಮೆ ಕದಿಯನೇ?

"ಇಲ್ಲ," ಎಂದಳು ಅವಳು. "ತೀರಿಕೊಂಡ್ರು."

ಹಸಿ ಸುಳ್ಳು! ಆ ಹೊತ್ತಿಗೆ ಅವಳ ಅಮ್ಮ ಎರಡು ಬೀದಿ ಆಚೆಯ ಬಾಡಿಗೆ ಕೋಣೆಯಲ್ಲಿ ಕೂತು, ದರ್ಜಿಯವನ ಅಂಗಿಗಳಿಗೆ ಗುಂಡಿ ಹೊಲಿಯುತ್ತ, ದಾರ ಕಳಪೆಯೆಂದು ದರ್ಜಿಯ ಏಳು ತಲೆಮಾರನ್ನು ಶಪಿಸುತ್ತಿದ್ದಳು.

ಅವನು ಟೋಪಿ ತೆಗೆದು ತಲೆ ತಗ್ಗಿಸಿ ನಿಂತ. 'ನಾಟಕ!' ಎಂದುಕೊಂಡಳು ಅವಳು.

"ಏನಂತೆ ಅವಳದು?" ತಾತ ಊರಿನ ಭಾಷೆಯಲ್ಲಿ ಕೇಳಿದ.

"ಫೋಟೋ ಚೆನ್ನಾಗಿ ಬಂದಿದೆ ಅಂತಿದ್ದಾರೆ," ಎಂದ ಅವನು.

"ಹೊಗಳೋಕೆ ಇಷ್ಟು ಗಂಟಲು ಬೇಕಾ?"

*

ಹಿರಿಯರ ಮಾತೊಂದಿದೆ: ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ? ಆದರೆ ಅವಳ ಕೋಪ ಒಂದು ದಿನದ್ದಲ್ಲ. ಅದಕ್ಕೆ ಬೇರಿತ್ತು, ನೆಲವೂ ಇತ್ತು.

ಅವಳ ಅಪ್ಪ ಬಡಗಿ. ಕಿಟಕಿ ಬಾಗಿಲು ಮಾಡುತ್ತಿದ್ದವನು. "ಮೂಲೆ ಕೂಡಬೇಕು ಮಗಳೇ, ಮೊಳೆ ಆಮೇಲೆ. ಮೂಲೆ ಕೂಡದಿದ್ರೆ ಎಷ್ಟು ಮೊಳೆ ಹೊಡೆದ್ರೂ ಅದು ಜಗಳಾನೇ," ಎನ್ನುತ್ತಿದ್ದ. ತಮ್ಮ ನಾಡಿನ ಸೈನ್ಯವೇ ಹಾರಿಸಿದ ಫಿರಂಗಿ ಶೆಲ್ ಊರಿನ ಮೇಲೆ ಬಿದ್ದ ದಿನ ಅವಳು ಮೊಳೆ, ಅಂಟು ತರಲು ಪೇಟೆಗೆ ಹೋಗಿದ್ದಳು. ದಾರಿ ಮುಚ್ಚಿತು. ಊರು ಸೇರುವ ಹೊತ್ತಿಗೆ ಅಪ್ಪ ಮಣ್ಣಾಗಿದ್ದ. ಅಮ್ಮ ಹೇಳಿದ್ದು ಎರಡೇ ಮಾತು: "ಹೋದ್ರು. ಕೇಳ್ಬೇಡ."

ಅವಳು ಕೇಳಲಿಲ್ಲ. ಅದೇ ಅವಳು ಮಾಡಿದ ತಪ್ಪು. ತಪ್ಪೆಂದು ಆಗ ತಿಳಿಯಲಿಲ್ಲ, ಅಷ್ಟೆ.

ಗಡಿ ದಾಟಿ ನಿರಾಶ್ರಿತರ ಶಿಬಿರಕ್ಕೆ ಬಂದಾಗ, ಯಾರೋ ಪೊಟ್ಟಣ ಕಟ್ಟಿಕೊಟ್ಟ ಪತ್ರಿಕೆಯ ಹಾಳೆಯಲ್ಲಿ ಅಮ್ಮನ ಮುಖ ಕಂಡಿತು. ಕೆಳಗೆ ದಪ್ಪಕ್ಷರದಲ್ಲಿ 'ಕಣ್ಣೀರಿನ ತಾಯಿ'. ಆಮೇಲೆ ಆ ಮುಖ ಎಲ್ಲೆಲ್ಲೂ! ಗೋಡೆಯ ಭಿತ್ತಿಪತ್ರದಲ್ಲಿ, ಚಂದಾ ಡಬ್ಬಿಯ ಮೇಲೆ, ಬಸ್ಸಿನ ಬೆನ್ನಿನಲ್ಲಿ. ಅಯ್ಯೋ ಪಾಪ ಎನ್ನುತ್ತ ಜನ ನೋಡುತ್ತಿದ್ದರು. ಅಮ್ಮನ ಕಣ್ಣಿಗೆ ಅದು ಬೀಳದಂತೆ ಅವಳು ಕಾದಳು. ಅಂಥ ಬೀದಿಗಳನ್ನು ತಪ್ಪಿಸಿದಳು, ಪತ್ರಿಕೆಯನ್ನು ಮನೆಗೇ ತರಲಿಲ್ಲ. ಅಮ್ಮನಿಗೂ ಮಂಡಿನೋವು, ಕೋಣೆ ಬಿಟ್ಟು ಹೊರಗೆ ಬರುವುದೇ ಅಪರೂಪ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಆ ಫೋಟೋ ತೆಗೆದವನು ಒಂದಲ್ಲ ಒಂದು ದಿನ ಎದುರಾಗಲೇಬೇಕಿತ್ತು. ಎದುರಾದದ್ದು ಅವಳ ಮೇಜಿನ ಮುಂದೆಯೇ!

"ಗ್ರಂಥಾಲಯದವರ ಪ್ರದರ್ಶನ ಮಗಳೇ, ಮಾತು ಕೊಟ್ಟಾಗಿದೆ," ಎಂದ ತಾತ. "ಆ ಒಂದು ಫೋಟೋ ಪಕ್ಕಕ್ಕಿಡು. ಮಿಕ್ಕದ್ದಕ್ಕೆ ಹಾಕು."

ಅವಳು ಹಾಕತೊಡಗಿದಳು. ಹಲ್ಲು ಕಚ್ಚಿಕೊಂಡು ಪಟ್ಟಿ ಕೊಯ್ದಳು, ಗಾಜಿಗೆ ಗೀರು ಎಳೆದಳು. ಅವನು ಪ್ರತಿದಿನ ಬಂದ. ಯಾವುದು ಮೊದಲು, ಯಾವುದು ಆಮೇಲೆ ಎಂದು ತೋರಿಸುವ ನೆಪ. ಬಾಗಿಲು ಕಾಣುವ ಹಾಗೆ ಸ್ಟೂಲು ಎಳೆದುಕೊಂಡು ಕೂರುವನು. ಚಹಾದ ಲೋಟವನ್ನು ಎಡಗೈಯಲ್ಲೇ ಹಿಡಿಯುವನು. ಬಲಗೈಯ ಎರಡು ಬೆರಳು ಮಡಚುತ್ತಲೇ ಇರಲಿಲ್ಲ.

'ದೇವರು ಕಣ್ಣು ಮುಚ್ಚಿಲ್ಲ,' ಎಂದುಕೊಂಡಳು. 'ಕ್ಯಾಮೆರಾ ಒತ್ತಿದ ಕೈಗೇ ಶಿಕ್ಷೆ ಕೊಟ್ಟಿದ್ದಾನೆ.'

ಮನುಷ್ಯರು ದೇವರ ಲೆಕ್ಕವನ್ನು ತಾವೇ ಬರೆಯಲು ಹೋದಾಗ ಹೀಗೇ ಆಗುತ್ತದೆ. ಕೂಡಿಸುವ ಕಡೆ ಕಳೆದುಬಿಡುತ್ತಾರೆ.

ಬಂದಾಗಲೆಲ್ಲ ಅವಳು ಬೈಯುತ್ತಿದ್ದಳು. ಬಂದರೆ ಬಂದಿರೆಂದು, ತಡವಾದರೆ ತಡವೆಂದು, ಕೂತರೆ ಬೆಳಕಿಗೆ ಅಡ್ಡವೆಂದು. ಅವನು ತಲೆಯಾಡಿಸುತ್ತ ಕೇಳುತ್ತಿದ್ದ. ಒಂದು ದಿನ ಅವಳಿಗೇ ತಡೆಯಲಾಗಲಿಲ್ಲ.

"ಇಷ್ಟು ಬೈಸಿಕೊಂಡೂ ಮತ್ತೆ ಬರ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

"ನಮ್ಮ ಭಾಷೇಲಿ ಬೈಸಿಕೊಂಡು ವರ್ಷಗಳಾಗಿತ್ತು," ಎಂದ ಅವನು ಮೆಲ್ಲಗೆ. "ಇಲ್ಲಿ ಎಲ್ಲರೂ ತುಂಬ ಮರ್ಯಾದೆಯಿಂದ ಮಾತಾಡಿಸ್ತಾರೆ. ನೀವು ನಿನ್ನೆ 'ಅಡ್ಡಗೋಡೆ' ಅಂದ್ರಿ. ದಾರಿ ಉದ್ದಕ್ಕೂ ಹೇಳ್ಕೊಂಡು ಹೋದೆ... ಎಷ್ಟು ಚೆನ್ನಾಗಿದೆ ಆ ಪದ!"

ಅವಳಿಗೆ ನಗು ಬಂತು. ಬಂದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟಿಗೆ ಒಂದು ಮೊಳೆ ಡೊಂಕಾಯಿತು.

"ಸೈನ್ಯದಲ್ಲಿದ್ರಂತೆ?" ಎಂದಳು ಗಡುಸಾಗಿ.

"ಫಿರಂಗಿ ದಳ. ದೂರದಿಂದ ಹೊಡೆಯೋದು. ಎಲ್ಲಿ ಬೀಳುತ್ತೆ ಅಂತ ಹೊಡೆದವನಿಗೆ ಕಾಣೋದಿಲ್ಲ. ಒಂದಿನ ನೋಡ್ಬೇಕು ಅನ್ನಿಸ್ತು... ಹೋಗಿ ನೋಡ್ದೆ." ಅವನು ಲೋಟದೊಳಗೆ ನೋಡಿದ. "ಮತ್ತೆ ವಾಪಸ್ ಹೋಗ್ಲಿಲ್ಲ. ಫಿರಂಗಿ ಬಿಟ್ಟು ಕ್ಯಾಮೆರಾ ಹಿಡಿದೆ."

"ನಮ್ಮೂರಿಗೆ ಹೊಡೆದಿದ್ದೂ..." ಅವಳು ಸುತ್ತಿಗೆ ಕೆಳಗಿಟ್ಟಳು.

"ಅಲ್ಲ. ಆಗ ನಾನು ಬಿಟ್ಟು ಬಹಳ ಕಾಲ ಆಗಿತ್ತು. ಆದ್ರೆ ಹೊಡಿ ಅಂತ ಹೇಳಿದವರು ನನಗೆ ಗೊತ್ತಿರೋರೇ. ಅವರ ಹೆಸರು ಸಮೇತ ಬರೆದೆ. ಅದಕ್ಕೇ ಇಲ್ಲಿದೀನಿ. ಊರಿಗೆ ಕಾಲಿಟ್ಟರೆ ಜೈಲು. ನಮ್ಮಣ್ಣ ಫೋನಲ್ಲಿ ಹೇಳ್ಬಿಟ್ಟ, ನೀನು ಸತ್ತೆ ಅಂತ ಅಂದ್ಕೊಂಡಿದೀವಿ, ಮತ್ತೆ ಫೋನ್ ಮಾಡ್ಬೇಡ ಅಂತ."

ಅವಳು ಡೊಂಕಾದ ಮೊಳೆಯನ್ನು ಇಕ್ಕಳದಿಂದ ಎಳೆದು ತೆಗೆದಳು. ಅವತ್ತು ಮತ್ತೆ ಬೈಯಲಿಲ್ಲ.

*

ಪ್ರದರ್ಶನದ ವಾರ ಬಂತು. ಒಂದು ಮಧ್ಯಾಹ್ನ ಅವನು ಸ್ಟೂಲಿನ ಮೇಲೆ ಕೂತಿದ್ದಾಗ ಇಬ್ಬರು ಗಂಡಸರು ಒಳಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು. ಮಾತು ಅವಳ ನಾಡಿನದೇ.

"ಓಹೋ, ಇಲ್ಲೇ ಇದ್ದಾನೆ ನಮ್ಮ ದೇಶದ್ರೋಹಿ!" ಎಂದ ಒಬ್ಬ. "ತಿಂದ ಮನೆಗೆ ಎರಡು ಬಗೆದು, ಇಲ್ಲಿ ಕೂತು ಚಹಾ ಕುಡೀತಿದ್ದಾನೆ."

ಅವನು ಏಳಲಿಲ್ಲ. ಲೋಟವನ್ನು ನಿಧಾನವಾಗಿ ಕೆಳಗಿಟ್ಟ.

"ಹೆಣದ ಫೋಟೋ ಮಾರಿ ಹೊಟ್ಟೆ ಹೊರೀತಿಯಲ್ಲೋ, ಥೂ!" ಇನ್ನೊಬ್ಬ ಉಗಿದ. ಉಗುಳು ಅವನ ತೋಳಿನ ಮೇಲೆ ಬಿತ್ತು.

ತಾನೂ ಮನಸ್ಸಿನಲ್ಲಿ ಇದೇ ಮಾತನ್ನು ಎಷ್ಟು ಸಲ ಹೇಳಿರಲಿಲ್ಲ! ಆದರೆ ಅದು ಇನ್ನೊಬ್ಬರ ಬಾಯಲ್ಲಿ ಬಂದಾಗ ಅವಳ ನೆತ್ತಿಗೆ ಬೆಂಕಿ ಹತ್ತಿತು. ಕೈಗೆ ಸಿಕ್ಕಿದ ಉದ್ದನೆಯ ಮರದ ಪಟ್ಟಿಯನ್ನು ಹಿಡಿದು ಮೇಜು ಸುತ್ತಿ ಬಂದಳು.

"ನಡೀರಿ ಆಚೆ!"

"ನಿನಗೇನಮ್ಮ ಇದರಲ್ಲಿ? ಇವನೇನು ನಿನಗೆ ನೆಂಟನಾ?"

"ನನ್ನಪ್ಪ ಸತ್ತಿದ್ದು ನಿಮ್ಮವರ ಶೆಲ್ಲಿಗೆ. ಇವರನ್ನ ಬೈಯೋ ಹಕ್ಕಿದ್ರೆ ಅದು ನನಗೆ. ನಾನು ದಿನಾ ಬೈತೀನಿ, ಸರಿಯಾಗಿ ಬೈತೀನಿ! ಕಂಡೋರೆಲ್ಲ ಬಂದು ಪಾಲು ಕೇಳೋದಕ್ಕೆ ಇದೇನು ಹಂಚಿ ತಿನ್ನೋ ತಿಂಡಿನಾ? ನಡೀರಿ ಅಂದೆ!"

ಪಟ್ಟಿ ಮೇಲೆದ್ದಿತು. ಹೊಳೆಯುವ ಬೂಟುಗಳು ಹೊರಗೆ ನಡೆದವು. ಹಿಂದೆಯೇ ತಾತನೂ ತನ್ನ ಭಾಷೆಯಲ್ಲಿ ಏನೋ ಕೂಗಿದ. ಮಾತು ಅರ್ಥವಾಗದಿದ್ದರೂ ಜಗಳ ಅವನಿಗೆ ಅರ್ಥವಾಗಿತ್ತು.

ಅವಳು ಏದುಸಿರು ಬಿಡುತ್ತ, ಒದ್ದೆ ಬಟ್ಟೆಯಿಂದ ಅವನ ತೋಳನ್ನು ಉಜ್ಜಿದಳು. ಬೇಕಾದದ್ದಕ್ಕಿಂತ ಜೋರಾಗಿಯೇ ಉಜ್ಜಿದಳು.

"ಚರ್ಮ ಕಿತ್ತು ಬರುತ್ತೆ," ಎಂದ ಅವನು.

"ಬರ್ಲಿ! ಸುಮ್ನೆ ಕೂತಿದ್ರಲ್ಲ, ಬಾಯಿ ಇರ್ಲಿಲ್ವಾ?"

"ಇವತ್ತು ನನ್ನ ಪರವಾಗಿ ಒಬ್ಬರು ಮಾತಾಡಿದ್ರು. ಕೇಳ್ತಾ ಕೂತುಬಿಟ್ಟೆ."

ಅವಳ ಕೈ ನಿಂತಿತು. ಅವನ ಕಣ್ಣಲ್ಲಿ ನೀರಿತ್ತು. ಅವಳ ಎದೆಯಲ್ಲಿ ಏನೋ ಜಾರಿತು... 'ಬೇಡ!' ಎಂದು ಅವಳು ಮನಸ್ಸನ್ನು ಗದರಿದಳು. 'ಅಪ್ಪ ಗೋಡೆ ಕೆಳಗಿದ್ದಾಗ ಫೋಟೋ ತೆಗೀತಾ ನಿಂತಿದ್ದೋನು ಇವನು. ಬೇಡ!'

*

ಕೊನೆಯ ಕಂತಿನ ಫೋಟೋಗಳನ್ನು ತಲುಪಿಸಲು ತಾತ ಅವಳನ್ನೇ ಕಳಿಸಿದ. ಅವನ ಕೋಣೆ ಬಟ್ಟೆ ಒಗೆಯುವ ಅಂಗಡಿಯ ಮೇಲಿತ್ತು. ಮೆಟ್ಟಿಲಲ್ಲೆಲ್ಲ ಸೋಪಿನ ವಾಸನೆ, ಬಿಸಿ ಹಬೆ. ಒಳಗೆ ಒಂದು ಕುರ್ಚಿ, ಒಂದು ಮೇಜು, ಸುಕ್ಕಿಲ್ಲದಂತೆ ಎಳೆದು ಹಾಸಿದ ಹಾಸಿಗೆ. ಬೂಟುಗಳು ಹೊರಟು ನಿಂತಂತೆ ಬಾಗಿಲ ಕಡೆ ಮುಖ ಮಾಡಿದ್ದವು. ಗೂಟಕ್ಕೆ ಕಟ್ಟಿಟ್ಟ ಚೀಲ ತೂಗುತ್ತಿತ್ತು. ಗೋಡೆಯ ಮೇಲೆ ಒಂದು ಫೋಟೋವೂ ಇರಲಿಲ್ಲ.

'ಇದು ಮನೆಯಲ್ಲ, ಬಸ್ ನಿಲ್ದಾಣ,' ಎನ್ನಿಸಿತು ಅವಳಿಗೆ.

ಅವನು ಮೇಜಿನ ಖಾನೆಯಿಂದ ಒಂದು ದಪ್ಪ ಲಕೋಟೆ ತೆಗೆದು ಕೊಟ್ಟ. ಒಳಗೆ ಅಮ್ಮನ ಆ ದೊಡ್ಡ ಫೋಟೋ, ಜೊತೆಗೆ ಒಂದು ಚೂರು ಫಿಲ್ಮು.

"ಇದು ಮೂಲ. ಇಟ್ಕೊಳ್ಳಿ. ಪತ್ರಿಕೆಯೋರ ಕೈಗೆ ಹೋಗಿದ್ದನ್ನ ನಾನು ವಾಪಸ್ ತರಲಾರೆ. ಆದ್ರೆ ಗ್ರಂಥಾಲಯದ ಗೋಡೆ ಮೇಲೆ ನಿಮ್ಮ ಒಪ್ಪಿಗೆ ಇಲ್ಲದೆ ಇದನ್ನ ಹಾಕೋದಿಲ್ಲ. ಅಮ್ಮ ಇದ್ದಿದ್ರೆ ಅವರನ್ನ ಕೇಳ್ತಿದ್ದೆ. ಈಗ ನೀವೇ ಹೇಳ್ಬೇಕು. ಕತ್ತರಿಸಿ ಹಾಕಿದ್ರೂ ಸರಿ."

"ಕತ್ತರಿಸೇ ಹಾಕ್ತೀನಿ!"

"ಸರಿ."

"ಒಂದು ಮಾತು... ಒಂದೇ ಒಂದು ಮಾತು ಹೇಳೋದಕ್ಕಿಲ್ವಾ ನಿಮಗೆ?" ಎಂದಳು ಅವಳು. "ಅವತ್ತು ಏನಾಯ್ತು ಅಂತ?"

ಅವನು ಮೇಜಿನ ಖಾನೆಯನ್ನು ಮುಚ್ಚಿದ. ಕೆಳಗೆ ಯಂತ್ರ ಗರಗರ ತಿರುಗುತ್ತಿತ್ತು.

"ನಿಮ್ಮಪ್ಪ ಉಳೀಲಿಲ್ಲ," ಎಂದ. "ಅದಕ್ಕಿಂತ ಬೇರೆ ಏನು ಹೇಳಿದ್ರೂ ಅದು ನನ್ನ ಬಗ್ಗೆ ಆಗುತ್ತೆ."

ಇವನ ಈ ಮೌನವೇ ಅವಳ ಮೈ ಉರಿಸುತ್ತಿತ್ತು. ಬಾಗಿಲನ್ನು ದಢಾರನೆ ಎಳೆದುಕೊಂಡು ಅವಳು ಮೆಟ್ಟಿಲಿಳಿದಳು. ಕೆಳಗಿನ ಮೆಟ್ಟಿಲಿಗೆ ಬರುವ ಹೊತ್ತಿಗೆ ಅಳುತ್ತಿದ್ದಳು.

*

ಲಕೋಟೆಯನ್ನು ಹಾಸಿಗೆಯ ಕೆಳಗೆ ತಳ್ಳಿ ಮಲಗಿದಳು. ಬೆಳಿಗ್ಗೆ ಎದ್ದು, ಮೋರೆ ತೊಳೆದು ಬರುವಷ್ಟರಲ್ಲಿ ಅಮ್ಮ ಹಾಸಿಗೆ ಕೊಡವಿ ಆಗಿತ್ತು! ಅಮ್ಮನ ಮಡಿಲಲ್ಲಿ ಅರ್ಧ ಹೊಲಿದ ಅಂಗಿ, ಮುಂದೆ ಕಿಟಕಿಯ ಬೆಳಕಿಗೆ ಹಿಡಿದ ಫೋಟೋ.

ಅವಳು ಓಡಿಬಂದು ಕೈ ಚಾಚಿದಳು. "ಅಮ್ಮಾ, ಅದನ್ನ ನೋಡ್ಬೇಡ... ಕೊಡಿಲ್ಲಿ!"

"ಯಾಕೆ ನೋಡ್ಬಾರ್ದು? ನನ್ನ ಮೋರೆ ನಾನು ನೋಡ್ಬಾರ್ದಾ?" ಅಮ್ಮ ಕಣ್ಣು ಕಿರಿದು ಮಾಡಿದಳು. "ಎಲ್ಲಿತ್ತೇ ಇದು ಇಷ್ಟು ದಿನ?"

ಮುಚ್ಚಿಟ್ಟು ಮುಚ್ಚಿಟ್ಟು ಸುಸ್ತಾಗಿದ್ದ ಅವಳು ಎಲ್ಲವನ್ನೂ ಹೇಳಿಬಿಟ್ಟಳು. ಭಿತ್ತಿಪತ್ರ, ಚಂದಾ ಡಬ್ಬಿ, 'ಕಣ್ಣೀರಿನ ತಾಯಿ', ಅಂಗಡಿಗೆ ಬಂದವನು, ತಾನು ಹೇಳಿದ ಸುಳ್ಳು.

ಅಮ್ಮ ಅಳುವಳೆಂದುಕೊಂಡಿದ್ದಳು. ಅಮ್ಮ ಸೂಜಿಯನ್ನು ಅಂಗಿಗೆ ಚುಚ್ಚಿಟ್ಟು ಎದ್ದು ನಿಂತಳು. 

"ಕಣ್ಣೀರಿನ ತಾಯಿಯಂತೆ! ಯಾವನೇ ಅವನು ಹಾಗೆ ಬರೆದೋನು? ಇಲ್ಲಿ ಎಲ್ಲಿದೆ ಕಣ್ಣೀರು? ನಾನು ಅಳ್ತಾ ಇದ್ನಾ? ಬೈತಾ ಇದ್ದೆ ಕಣೇ! ಇವನನ್ನೇ ಬೈತಾ ಇದ್ದೆ!"

"ಯಾರನ್ನ?"

"ಫೋಟೋ ತೆಗೆದೋನನ್ನ! ದೂಳೆಲ್ಲ ಇಳಿದಾಗ ನೋಡಿದ್ರೆ ಎದುರಿಗೆ ಸೈನ್ಯದ ಬೂಟು. 'ಹೊಡೆದೋರೂ ನೀವೇ, ನೋಡೋಕೆ ಬರೋರೂ ನೀವೇನೋ! ಅದನ್ನ ಬಿಸಾಕಿ ತೊಲೆ ಹಿಡಿಯೋ!' ಅಂದೆ. ಒಂದು ಸಲ ಟಿಕ್ ಅಂತು ಅದು, ಅಷ್ಟೇ. ಎತ್ತಿ ಬಿಸಾಡ್ದ. ಬಂದು ತೊಲೆಗೆ ಹೆಗಲು ಕೊಟ್ಟ."

ಅವಳು ಹಾಸಿಗೆಯ ಅಂಚಿನಲ್ಲಿ ಕೂತಳು.

"ಊರಲ್ಲಿ ಗಂಡಸರು ಅನ್ನೋರು ಯಾರಿದ್ರು ಅವತ್ತು? ನಾನು, ಅವನು, ಇಬ್ಬರೇ. ಸಂಜೆ ತನಕ ಮಣ್ಣು ತೆಗೆದ್ವಿ. ತೊಲೆ ಜಾರಿ ಅವನ ಕೈ ಮೇಲೆ ಬಿತ್ತು. ಬೆರಳು ಜಜ್ಜಿಹೋದ್ವು. ಹಲ್ಲು ಕಚ್ಚಿಕೊಂಡು ಇನ್ನೊಂದು ಕೈಲಿ ಅಗೆದ. ನಿಮ್ಮಪ್ಪ ಹೊರಗೆ ಬಂದ್ರು... ನೀರು ಕೇಳಿದ್ರು. ಅವನೇ ತಲೆ ಎತ್ತಿ ಹಿಡಿದ. ಅವನ ತೊಡೆ ಮೇಲೇ ಹೋದ್ರು ಕಣೇ ನಿಮ್ಮಪ್ಪ."

ಅವಳು ಅಮ್ಮನ ಮುಖ ನೋಡಿದಳು.

"ಯಾಕಮ್ಮ ಹೇಳ್ಲಿಲ್ಲ ನನಗೆ?"

"ನೀನು ಕೇಳಿದ್ಯಾ?" ಅಮ್ಮ ಗುಡುಗಿದಳು. ಮರುಕ್ಷಣ ದನಿ ಇಳಿಯಿತು. "ಕೇಳ್ಬೇಡ ಅಂದಿದ್ದೆ ನಾನೇ. ನಿನಗೆ ಹೇಳೋಕೆ ಹೋದ್ರೆ ನಾನು ಅತ್ತುಬಿಡ್ತೀನೇನೋ ಅಂತ ಭಯ ಇತ್ತು. ಅತ್ತರೆ ನಿನ್ನನ್ನ ಗಡಿ ದಾಟಿಸೋರು ಯಾರು?"

ಅಮ್ಮ ಮಗಳಿಗಾಗಿ ಒಂದನ್ನು ಮುಚ್ಚಿಟ್ಟಿದ್ದಳು, ಮಗಳು ಅಮ್ಮನಿಗಾಗಿ ಇನ್ನೊಂದನ್ನು. ಪ್ರೀತಿ ಹೀಗೆ ಎರಡೂ ಕಡೆಯಿಂದ ಬಾಗಿಲು ಹಾಕಿಕೊಂಡರೆ, ನಡುವೆ ಸಿಕ್ಕಿಕೊಳ್ಳುವವನು ಮೂರನೆಯವನೇ.

"ಆ ಕ್ಯಾಮೆರಾ ಎತ್ತಿ ಕೊಟ್ಟು ಅವನಿಗೆ ಒಂದು ಕೆಲಸ ಹೇಳಿದ್ದೆ," ಅಮ್ಮ ಸೆರಗಿನಿಂದ ಫೋಟೋ ಒರೆಸಿದಳು. "'ಇದನ್ನ ಊರಿಗೆಲ್ಲ ತೋರಿಸು. ಹೊಡೆಸಿದೋರ ಹೆಸರು ಹೇಳು. ಹೇಳಿ ಆದ್ಮೇಲೆ ಬಂದು ನನಗೆ ವರದಿ ಕೊಡು' ಅಂತ. ಹೂಂ ಅಂತ ಹೋದ. ಇಷ್ಟು ವರ್ಷ ಆದ್ರೂ ಬರ್ಲಿಲ್ಲ, ಅವನೂ ಒಬ್ಬ ಸುಳ್ಳ ಅಂದ್ಕೊಂಡಿದ್ದೆ. ಈಗ ನೋಡಿದ್ರೆ... ನಾನು ಸತ್ತಿದೀನಿ ಅಂತ ಹೇಳಿದೀಯಾ!"

"ತಪ್ಪಾಯ್ತಮ್ಮ..."

"ನನಗೇನು ಹೇಳ್ತೀಯ? ನಡಿ. ನನ್ನ ಚಪ್ಪಲಿ ಕೊಡು."

*

ಅಂದೇ ಪ್ರದರ್ಶನದ ಮೊದಲ ದಿನ. ಗ್ರಂಥಾಲಯದ ಸಭಾಂಗಣದಲ್ಲಿ ಜನ ತುಂಬಿದ್ದರು. ಫೋಟೋಗಳು ಸಾಲಾಗಿದ್ದವು, ಎಲ್ಲಕ್ಕೂ ಅವಳ ಕೈಯ ಕಟ್ಟು. ಎದುರು ಗೋಡೆಯ ನಟ್ಟನಡುವೆ ಮಾತ್ರ ತಾತನ ಕೈಯ ಒಂದು ಖಾಲಿ ಚೌಕಟ್ಟು. ಒಳಗೆ ಬರೀ ಬಿಳಿ ಗೋಡೆ. ಅದರ ಪಕ್ಕದಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಬಾಗಿಲ ಕಡೆ ನೋಡುತ್ತ ಅವನು ನಿಂತಿದ್ದ.

ಗ್ರಂಥಾಲಯದ ಅಧಿಕಾರಿ ಮೈಕಿನಲ್ಲಿ ಹೇಳುತ್ತಿದ್ದ: "ವಿಶ್ವಪ್ರಸಿದ್ಧವಾದ 'ಕಣ್ಣೀರಿನ ತಾಯಿ' ಚಿತ್ರವನ್ನು ಕಾರಣಾಂತರಗಳಿಂದ..."

"ಯಾವಳಯ್ಯಾ ಅವಳು ಕಣ್ಣೀರಿನ ತಾಯಿ?"

ಸಭೆಯೆಲ್ಲ ತಿರುಗಿತು. ಬಾಗಿಲಲ್ಲಿ ಒಬ್ಬ ಹೆಂಗಸು. ಒಂದು ಕೈ ಮಗಳ ಹೆಗಲ ಮೇಲೆ, ಇನ್ನೊಂದು ಮುಂದಕ್ಕೆ ಚಾಚಿದೆ. ಬಾಯಿ ಅಗಲವಾಗಿದೆ. ಅದೇ ಮುಖ! ಯಾರೋ ಉಸಿರೆಳೆದುಕೊಂಡರು.

"ಏನಂತಾರೆ ಅವರು?" ಅಧಿಕಾರಿ ತಡವರಿಸಿದ.

"ಅಮ್ಮ ಅಳುತ್ತಿರಲಿಲ್ಲವಂತೆ," ಎಂದಳು ಅವಳು ಊರಿನ ಭಾಷೆಯಲ್ಲಿ, ಎಲ್ಲರಿಗೂ ಕೇಳುವಂತೆ. "ಬೈಯುತ್ತಿದ್ದರಂತೆ. ಇಷ್ಟು ವರ್ಷ ನೀವೆಲ್ಲ ಅಯ್ಯೋ ಪಾಪ ಅಂದಿದ್ದೀರಿ. ಅಮ್ಮನಿಗೆ ಪಾಪ ಬೇಡ. ಹೊಡೆಸಿದವರು ಯಾರು ಎಂದು ನೀವು ಕೇಳಬೇಕಂತೆ."

ಅಮ್ಮ ಜನರ ನಡುವೆ ದಾರಿ ಮಾಡಿಕೊಂಡು ನಡೆದಳು. ಮಂಡಿನೋವು ಎಲ್ಲಿ ಹೋಗಿತ್ತೋ! ಅವನ ಮುಂದೆ ನಿಂತು, "ಕೈ ತೋರಿಸು," ಎಂದಳು.

ಅವನು ಬಲಗೈ ಚಾಚಿದ.  ಅಮ್ಮ ಆ ಎರಡು ಬೆರಳುಗಳನ್ನು ತನ್ನ ಅಂಗೈಯಲ್ಲಿ ಮುಚ್ಚಿಕೊಂಡಳು.

ಅವನು ಸೈನಿಕರು ನಿಲ್ಲುವಂತೆ ನೆಟ್ಟಗೆ ನಿಂತ. ತುಟಿ ಮಾತ್ರ ಮಾತು ಕೇಳುತ್ತಿರಲಿಲ್ಲ.

"ಅಮ್ಮ... ತೋರಿಸಿದೆ. ಹೆಸರು ಹೇಳಿದೆ. ವರದಿ ಕೊಡೋಕೆ... ಬಂದಿದೀನಿ."

"ಇಷ್ಟು ತಡ ಯಾಕೋ, ದರಿದ್ರ ಮುಂಡೇದೇ?" ಎಂದಳು ಅಮ್ಮ. ಎಂದವಳೇ, ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ, ಆ ಕೈಗೆ ಹಣೆ ಹಚ್ಚಿ ಅತ್ತಳು.

ಜನರಲ್ಲಿ ಯಾರೋ ಫೋನು ಎತ್ತಿ ಫೋಟೋ ತೆಗೆಯಲು ಹೋದರು. ಮಗಳು ತಿರುಗಿ ನೋಡಿದ ನೋಟಕ್ಕೆ ಫೋನು ಜೇಬು ಸೇರಿತು.

*

ಜನ ಕರಗಿದರು. ಅಮ್ಮ ಒಂದು ಕುರ್ಚಿಯಲ್ಲಿ ಕೂತು, ಅಧಿಕಾರಿಗೆ ಅರ್ಥವಾಗದ ಮಾತಿನಲ್ಲಿ ಅವನ ಅಂಗಿಯ ಗುಂಡಿ ಸರಿಯಿಲ್ಲವೆಂದು ವಿವರಿಸುತ್ತಿದ್ದಳು. ಮಗಳು ಖಾಲಿ ಚೌಕಟ್ಟಿನ ಒಂದು ಮೂಲೆ ಬಿಚ್ಚಿ, ಫೋಟೋವನ್ನು ಒಳಗೆ ಕೂರಿಸುತ್ತಿದ್ದಳು. ಕೆಳಗೆ ಅಂಟಿಸಲು ಹೊಸ ಚೀಟಿ ಬರೆದಿದ್ದಳು: 'ಅವಳು ಅಳುತ್ತಿಲ್ಲ, ಪ್ರಶ್ನೆ ಕೇಳುತ್ತಿದ್ದಾಳೆ.'

ಅವನು ಬಂದು ಚೌಕಟ್ಟಿನ ಇನ್ನೊಂದು ತುದಿ ಹಿಡಿದ. ಎಡಗೈಯಲ್ಲಿ.

"ಯಾಕೆ ಹೇಳ್ಲಿಲ್ಲ?" ಎಂದಳು ಅವಳು, ತಲೆ ಎತ್ತದೆ. "ದಿನಾ ಬೈದೆ. ನಿಮ್ಮ ಬೆರಳು ನೋಡಿ ದೇವರು ಕೊಟ್ಟ ಶಿಕ್ಷೆ ಅಂದ್ಕೊಂಡೆ. ಒಂದು ಮಾತು ಹೇಳಿದ್ರೆ ಏನಾಗ್ತಿತ್ತು?"

"ಅಪ್ಪನ್ನ ಉಳಿಸಿದ್ರೆ ಹೇಳ್ಕೋಬಹುದಿತ್ತು. ಉಳಿಸಲಾಗದೆ ಹೋದೋನು ಅವರ ಮಗಳ ಮುಂದೆ ಬೆರಳಿನ ಕಥೆ ಹೇಳ್ಲಾ?"

"ಹೇಳ್ಬೇಕಿತ್ತು! ನನ್ನಪ್ಪ ಒಬ್ಬರೇ ಹೋದ್ರು, ಕಲ್ಲು ಮಣ್ಣಿನ ಕೆಳಗೆ ಹೋದ್ರು ಅಂದ್ಕೊಂಡು ಬದುಕಿದೀನಿ ನಾನು. ಅವರ ತಲೆ ಒಬ್ಬರ ತೊಡೆ ಮೇಲಿತ್ತು ಅಂತ... ಅದು ನಿಮ್ಮ ಕಥೆ ಅಲ್ಲ. ನನ್ನದು! ನನ್ನ ಸ್ವತ್ತನ್ನ ಬಚ್ಚಿಟ್ಟುಕೊಂಡು ನನ್ನೆದುರಿಗೇ ಚಹಾ ಕುಡೀತಾ ಕೂತಿದ್ರಿ!"

ಅವನು ಬೆರಗಾಗಿ ಅವಳನ್ನು ನೋಡಿದ. ಇದನ್ನು ಅವನು ಯೋಚಿಸಿಯೇ ಇರಲಿಲ್ಲ.

"ತಪ್ಪಾಯ್ತು," ಎಂದ. "ನಿಜವಾಗ್ಲೂ ತಪ್ಪಾಯ್ತು."

"ನಂದೂ ತಪ್ಪೇ. ಬದುಕಿರೋ ಅಮ್ಮನ್ನ ಸಾಯಿಸಿದೆ." ಅವಳು ಮೂಗು ಒರೆಸಿಕೊಂಡಳು. "ಆ ಮೂಲೆ ಒತ್ತಿ ಹಿಡೀರಿ. ಕೂಡಬೇಕು ಅದು."

ಅವನು ಒತ್ತಿದ. ಅವಳೂ ಒತ್ತಿದಳು. ಮರಕ್ಕೆ ಮರ ಸೇರಿ, ನಡುವೆ ಕೂದಲೆಳೆಯಷ್ಟೂ ಸಂದು ಉಳಿಯಲಿಲ್ಲ. ಮೇಲಿರುವವನು ಬಹುಶಃ ದೊಡ್ಡ ಬಡಗಿ. ಯಾವ ಮುರಿದ ಮರವನ್ನು ಯಾವುದಕ್ಕೆ ಜೋಡಿಸಬೇಕೆಂದು ಅವನಿಗೇ ಗೊತ್ತು.

"ಇನ್ನು ಅಂಗಡಿಗೆ ಬರೋಕೆ ನೆಪ ಇಲ್ಲ ನನಗೆ," ಎಂದ ಅವನು. "ಎಲ್ಲ ಫೋಟೋಗೂ ಕಟ್ಟು ಬಿತ್ತು."

"ಆ ಕೋಣೇಲಿ ಚೀಲ ಕಟ್ಟಿ ನೇತು ಹಾಕಿದೀರಲ್ಲ, ಅದನ್ನ ಮೊದಲು ಬಿಚ್ಚಿ. ಬೂಟು ಒಳಮುಖ ತಿರುಗಿಸಿ ಇಡಿ. ಆಮೇಲೆ ನೆಪ ಹುಡುಕೋಣ."

"ನನಗೆ ಊರಿಲ್ಲ. ಮನೆಯೋರಿಗೆ ನಾನು ಸತ್ತಿದೀನಿ. ನಾಳೆ ಇಲ್ಲಿಂದಲೂ ಹೋಗು ಅಂದ್ರೆ..."

"ಸತ್ತೋರನ್ನ ನಾನು ಇವತ್ತಷ್ಟೇ ಬದುಕಿಸಿ ತಂದಿದೀನಿ. ಇನ್ನೊಬ್ಬರು ಹೆಚ್ಚಲ್ಲ."

ಅವನು ನಕ್ಕ. ಆ ಮುಖದಲ್ಲಿ ನಗುವಿಗೆ ಜಾಗವಿದೆಯೆಂದು ಅವಳಿಗೆ ಇವತ್ತೇ ಗೊತ್ತಾದದ್ದು.

"ಒಂದು ಕೇಳ್ಲಾ?"

"ಕೇಳಿ."

"ಬೈಯೋ ಹಕ್ಕು ನಿಮ್ಮೊಬ್ಬರದೇ ಅಂದಿದ್ರಿ ಅವತ್ತು. ಅದು... ಎಷ್ಟು ದಿನಕ್ಕೆ?"

ಅವಳು ಅವನ ಬಲಗೈ ಹಿಡಿದಳು. ಮಡಚದ ಆ ಎರಡು ಬೆರಳುಗಳ ಸುತ್ತ ತನ್ನ ಬೆರಳುಗಳನ್ನು ಮಡಚಿದಳು.

"ನಾನು ಬದುಕಿರೋ ತನಕ," ಎಂದಳು. "ಅಡ್ಡಗೋಡೆ."

"ಇನ್ನೊಂದ್ಸಲ ಹೇಳಿ."

"ಅಡ್ಡಗೋಡೆ! ಬೆಳಕು ಬಿಟ್ಟು ಈಚೆ ಬನ್ನಿ... ನನ್ನ ಪಕ್ಕಕ್ಕೆ."